ಎರೆನಾಡಿನ ದಾರಿಯಲ್ಲಿ ತಂಬೂರಿಯ ನಾದ

ನರಗುಂದದ ಗುಡ್ಡವನ್ನು ಬೆನ್ನಿಗೆ ಹಾಕಿ ಮೂಡಣಕ್ಕೆ ಹೊರಟರೆ ರೋಣದವರೆಗೂ ಇಕ್ಕೆಲದಲ್ಲಿ ಎರೆಹೊಲವೇ. ಹಿಂಗಾರಿನ ಕಡಲೆ, ಬಿಳಿಜೋಳ, ಕುಸುಬೆ. 1858ರಲ್ಲಿ ಬಾಬಾಸಾಹೇಬನೂ 1980ರಲ್ಲಿ ರೈತರೂ ಸಿಡಿದೆದ್ದ ಈ ನೆಲದಲ್ಲಿ ಸಂಗೀತದ ಬೆಳೆಗೂ ಕೊರತೆಯಿಲ್ಲ. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರ ಹೆಸರು ರೋಣದೊಡನೆ ಬೆಸೆದುಕೊಂಡಿದೆ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮ್ರಿಯ ತಟ್ಟೆಯನ್ನು ಕೇಳಿ, ಗುರುವನ್ನರಸುತ್ತ ಮನೆ ಬಿಟ್ಟ ಬಾಲಕ ಅವರು. ಮುಂದೆ ಮೋಟಾರು ನಡೆಸುವುದರಲ್ಲಿ ಅವರಿಗಿದ್ದ ಹುಚ್ಚನ್ನು ಬಲ್ಲವರು, ಅವರ ಗಾನವನ್ನು ಕಾರಿನಲ್ಲಿ ಕೇಳುವುದು ಅನುಚಿತವೆನ್ನಲಾರರು.

ಆದರೆ ವಿಲಂಬಿತದ ಮೊದಲ ಸ್ವರಗಳನ್ನು ಚಕ್ರಗಳ ಸದ್ದು ನುಂಗಿಬಿಡುತ್ತದೆ; ಧ್ವನಿ ಏರಿಸಿದರೆ ತಾನುಗಳು ಒಡೆಯುತ್ತವೆ. ಜೊತೆಯಲ್ಲಿದ್ದ ಸೋದರಮಾವನವರಿಗೆ ಎಂಬತ್ತು ದಾಟಿದೆ, ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದೆ. ಇನ್ನೆಷ್ಟು ದಿನ ಕೇಳಿಸುವುದೋ! ಅದಕ್ಕೆಂದೇ, ಕಾರಿನ ಒಡೆಯನಾದ ನನ್ನ ಶಿಷ್ಯ ಆಸನದಡಿಯಲ್ಲಿ ಹೊಸ ಆಂಪ್ಲಿಫೈಯರೊಂದನ್ನು ಕೂರಿಸಿದ್ದ.

"ಇಷ್ಟ ಸಣ್ಣ ಡಬ್ಬಿ ಭೀಮಣ್ಣನ ಧ್ವನಿ ತಡಕೋತದೇನೋ ತಮ್ಮಾ?"

"ತಡಕೋತೈತ್ರಿ ಅಜ್ಜಾರ."

ಅವನು ವಿವರಿಸಿದುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಓಡುವ ಕಾರಿನಲ್ಲಿ ದೊರೆಯುವ ಒತ್ತಡ ಸುಮಾರು 14 ವೋಲ್ಟ್. ನಾಲ್ಕು ಓಮಿನ ಸ್ಪೀಕರಿಗೆ ಅದು ಸ್ವರ ಕೆಡದಂತೆ ಕೊಡಬಲ್ಲದ್ದು ಹೆಚ್ಚೆಂದರೆ 25 ವ್ಯಾಟ್. ರೇಡಿಯೊ ಪೆಟ್ಟಿಗೆಯ ಮೇಲೆ ಮೆರೆಯುವ '50 ವ್ಯಾಟ್' ಎಂಬುದು ಸ್ವರ ಪೂರ್ತಿ ಚಪ್ಪಟೆಯಾದಾಗಿನ ಲೆಕ್ಕ, ವ್ಯಾಪಾರಿಯ ಅಲಂಕಾರ! ಹೆಚ್ಚು ಬೇಕಾದರೆ ಪ್ರತ್ಯೇಕ ಆಂಪ್ಲಿಫೈಯರು ಮೊದಲು ಒತ್ತಡವನ್ನೇ ಏರಿಸಿಕೊಳ್ಳಬೇಕು.

ಹಳೆಯ 'ಎಬಿ' ವರ್ಗದಲ್ಲಿ ಟ್ರಾನ್ಸಿಸ್ಟರು ಅರೆತೆರೆದ ತೂಬಿನಂತೆ. ಬೇಕಾದಷ್ಟನ್ನು ಬಿಟ್ಟು, ಉಳಿದ ಒತ್ತಡವನ್ನು ತನ್ನಲ್ಲೇ ಸುಟ್ಟು ಬಿಸಿಯಾಗುತ್ತದೆ. ಮೆಲುದನಿಯಲ್ಲಂತೂ ಪೋಲು ಇನ್ನೂ ಹೆಚ್ಚು. 'ಡಿ' ವರ್ಗದಲ್ಲಿ ತೂಬು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚುವಾಗ, ತೆರೆದಿರುವ ಹೊತ್ತಿನ ಹೆಚ್ಚುಕಡಿಮೆಯೇ ಸ್ವರದ ಏರಿಳಿತ. ಕೊನೆಯಲ್ಲಿ ತಂತಿಸುರುಳಿ, ಕೆಪ್ಯಾಸಿಟರುಗಳು ಆ ತುಂಡುಗಳನ್ನು ಬೆಸೆದು ಮತ್ತೆ ಅಖಂಡ ನಾದವಾಗಿಸುತ್ತವೆ. ('ಡಿ' ಎಂದರೆ ಡಿಜಿಟಲ್ ಅಲ್ಲ, ಎ, ಬಿ, ಸಿಗಳ ಮುಂದಿನ ಅಕ್ಷರ, ಅಷ್ಟೆ.) ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆ 1964ರಲ್ಲಿಯೇ ಇಂಥದನ್ನು ಮಾರಿತ್ತು; ಸಾಕಷ್ಟು ವೇಗದ ಟ್ರಾನ್ಸಿಸ್ಟರುಗಳು ಬಂದದ್ದು ತಡವಾಗಿ.

200 ವ್ಯಾಟ್ ಹೊರಡಿಸಲು, ನೂರಕ್ಕೆ 60ರ ದಕ್ಷತೆಯ ಯಂತ್ರಕ್ಕೆ 12 ವೋಲ್ಟಿನಲ್ಲಿ ಸುಮಾರು 28 ಆಂಪಿಯರ್ ಬೇಕು; 133 ವ್ಯಾಟ್ ಬರಿಯ ಬಿಸಿ. 88ರ ದಕ್ಷತೆಯದಕ್ಕೆ 19 ಸಾಕು. ಬಿಸಿ 27 ವ್ಯಾಟ್. ಡಬ್ಬಿ ಚಿಕ್ಕದಾದ ರಹಸ್ಯವಿದೇ.

ರೋಣ ಸಮೀಪಿಸುತ್ತಿದ್ದಾಗ ಮಾವನವರು ಕೈಯೆತ್ತಿ ನಮ್ಮ ಮಾತನ್ನು ತಡೆದರು. "ತಂಬೂರಿ ಕೇಳಸಲಿಕ್ಕತ್ತದ," ಎಂದರು. ಆಮೇಲೆ ಊರು ದಾಟುವವರೆಗೆ ಯಾರೂ ತುಟಿ ಬಿಚ್ಚಲಿಲ್ಲ.

ಗಜೇಂದ್ರಗಡದಲ್ಲಿ ಎರೆ ಮುಗಿದು ಕೆಂಗಲ್ಲಿನ ಬೆಟ್ಟ ಏಳುತ್ತದೆ. 1787ರಲ್ಲಿ ಟಿಪ್ಪುವೂ ಮರಾಠರೂ ಒಪ್ಪಂದಕ್ಕೆ ಬಂದ ಊರಿದು. ಕಾಲಕಾಲೇಶ್ವರನ ದರ್ಶನ ಮಾಡಿ ಬಂದು, ಗಾಳಿಯಂತ್ರಗಳ ರೆಕ್ಕೆಗಳನ್ನು ನೋಡುತ್ತ, ಎಂಜಿನ್ ಆರಿಸಿ ಹಾಡು ಹಚ್ಚಿದೆವು. ಈಗ ಬ್ಯಾಟರಿಯೊಂದೇ ಗತಿ. ಯಂತ್ರವೆಷ್ಟೇ ಮಿತವ್ಯಯಿಯಾದರೂ ಕಾರು ಮತ್ತೆ ಹೊರಡಬೇಕಲ್ಲ! ಶಿಷ್ಯನ ಮೀಟರು 12.2 ತೋರಿಸಿದಾಗ ದ್ರುತ್ ಇನ್ನೂ ನಡೆದಿತ್ತು. ಅವನು ಹಾಡನ್ನು ನಿಲ್ಲಿಸದೆ ಎಂಜಿನ್ ಹಚ್ಚಿದ.