ಅಳಿಯನ ರೈಫಲು

ಸಲಹೆ ಕೊಡುವುದರಲ್ಲಿ ನಾನು ಎಂದೂ ಜಿಪುಣತನ ತೋರಿದವನಲ್ಲ. ಮೇಷ್ಟರಾದವರು ಧಾರಾಳವಾಗಿ ಕೊಡಬಹುದಾದ ವಸ್ತು ಅದೊಂದೇ. ಮನೆಗೆ ಪಾಯ ತೆಗೆಯುವವರು, ಮಗಳಿಗೆ ಗಂಡು ಹುಡುಕುವವರು, ಮಗನನ್ನು ಯಾವ ಓದಿಗೆ ಹಾಕಲಿ ಎಂದು ತಲೆ ಕೆರೆದುಕೊಳ್ಳುವವರು ನನ್ನನ್ನು ಕೇಳಿದ್ದುಂಟು. ಕೇಳಿ, ತಮಗೆ ತೋಚಿದಂತೆಯೇ ಮಾಡಿದ್ದೂ ಉಂಟು. ಆದರೆ ಬಂದೂಕು ಕೊಳ್ಳುವ ವಿಷಯದಲ್ಲಿ ಕನ್ನಡದ ಅಧ್ಯಾಪಕನೊಬ್ಬನ ಅಭಿಪ್ರಾಯ ಕೇಳಿದವನು ನನ್ನ ಸೋದರಳಿಯನೊಬ್ಬನೇ.

ಅವನು ನನ್ನ ಅಕ್ಕನ ಮಗ, ಟೆಕ್ಸಸಿನಲ್ಲಿ ಎಂಜಿನಿಯರು. ಕಾಯಂ ವಾಸದ ಹಸಿರು ಕಾರ್ಡು ಕೈಗೆ ಬಂದ ಮೇಲೆ ಗುರಿ ಹೊಡೆಯುವ ಕ್ಲಬ್ಬೊಂದಕ್ಕೆ ಸೇರಿದ್ದಾನೆ. ಭಾನುವಾರ ಬಂತೆಂದರೆ ಮಲಗಿಕೊಂಡು ಸಾವಿರ ಗಜ ದೂರದ ಹಲಗೆಗೆ ಗುಂಡು ಹೊಡೆಯುವುದು ಅಲ್ಲಿನವರಿಗೆ ಒಂದು ವಿನೋದ. ಇದುವರೆಗೆ ಸ್ನೇಹಿತರ ರೈಫಲು ಬೇಡಿ ಹೊಡೆಯುತ್ತಿದ್ದವನಿಗೆ ಈಗ ಸ್ವಂತದ್ದೊಂದು ಬೇಕೆನ್ನಿಸಿದೆ. ಒಂದು ರಾತ್ರಿ ಫೋನಿಗೆ ಮೂರು ಚಿತ್ರ ಕಳಿಸಿ, “ಮಾಮ, ನೀನು ಪದಕ ಗೆದ್ದವನು. ಮೂರರಲ್ಲಿ ಯಾವುದು ತಗೊಳ್ಳಲಿ, ಹೇಳು” ಎಂದು ಬರೆದ.

ಈ ಪದಕದ ಕಥೆಯನ್ನು ಮೊದಲು ಹೇಳಬೇಕು. ಕಾಲೇಜಿನಲ್ಲಿ ಓದುತ್ತಿದ್ದಾಗ ಎನ್.ಸಿ.ಸಿ. ಶಿಬಿರವೊಂದರಲ್ಲಿ .22 ಡೀಲಕ್ಸ್ ರೈಫಲಿನಿಂದ ಇಪ್ಪತ್ತೈದು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆದೆ. ಐದೂ ಒಂದು ನಿಂಬೆಹಣ್ಣಿನಗಲದ ಜಾಗದಲ್ಲಿ ಕೂತವು. ನಾನು ಹರಪನಹಳ್ಳಿಗೆ ಬಂದಿಳಿಯುವ ಹೊತ್ತಿಗೆ ಕಾಗದ ಮಾಯವಾಗಿ ನಿಂಬೆಹಣ್ಣೇ ಉಳಿದಿತ್ತು. ಅಕ್ಕನ ಮನೆ ಮುಟ್ಟುವ ಹೊತ್ತಿಗೆ ಇಪ್ಪತ್ತೈದು ಗಜ ಅರ್ಧ ಮೈಲಿಯಾಗಿತ್ತು. ಬೀಚಿಯವರು ಹುಟ್ಟಿದ ಊರು ನಮ್ಮದು. ಇಷ್ಟು ಒಗ್ಗರಣೆಗೆ ಇಲ್ಲಿ ಯಾರೂ ಆಕ್ಷೇಪಣೆ ಮಾಡುವುದಿಲ್ಲ. ನಾನೂ ತಿದ್ದಲು ಹೋಗಲಿಲ್ಲ. ಅಳಿಯ ಆ ಕಥೆಯನ್ನು ಕೇಳುತ್ತಲೇ ಬೆಳೆದ.

ನಮ್ಮ ಕಡೆ ಬಂದೂಕಿನ ಮುಖ ನೋಡುವುದೇ ಅಪರೂಪ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ತಿರುಗಿಬಿದ್ದ ಹಲಗಲಿ ಬೇಡರ ಲಾವಣಿಯನ್ನು ನಾನು ತರಗತಿಯಲ್ಲಿ ಆವೇಶದಿಂದ ಪಾಠ ಮಾಡುತ್ತೇನೆ. ಪಾಠ ಮುಗಿದ ಮೇಲೆ ಹುಡುಗರೂ ನಾನೂ 1959ರ ಆಯುಧ ಕಾಯಿದೆಗೆ ತಲೆಬಾಗಿ ಮನೆಗೆ ಹೋಗುತ್ತೇವೆ. ಪರವಾನಗಿ ಇದ್ದವರೂ ಚುನಾವಣೆ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರಬೇಕು. ಇಂಥ ಊರಿನಲ್ಲಿ ಕೂತು ಟೆಕ್ಸಸಿನ ರೈಫಲನ್ನು ಆರಿಸುವುದೆಂದರೆ ಸಣ್ಣ ಮಾತಲ್ಲ. ಎಂ.ಎ. ಪರೀಕ್ಷೆಗೆ ಓದಿದಂತೆ ಓದಿದೆ.

ಮೂರೂ ಕಾರ್ಖಾನೆಯಲ್ಲಿ ತಯಾರಾದ ರೈಫಲುಗಳು. ಹಿಂದೆ ಇಷ್ಟು ದೂರದ ಗುರಿಗೆ ನುರಿತ ಕಸಬುದಾರನೊಬ್ಬ ನಳಿಗೆಯನ್ನು ಆರಿಸಿ, ಒಂದೊಂದು ಭಾಗವನ್ನೂ ತನ್ನ ಕೈಯಿಂದ ಕೂಡಿಸಿ ಕೊಡಬೇಕಾಗಿತ್ತು. ಈಗ ಯಂತ್ರಗಳೇ ಆ ಸೂಕ್ಷ್ಮವನ್ನು ಕಲಿತಿರುವುದರಿಂದ ಸಾಮಾನ್ಯ ಸಂಬಳದವನೂ ಅಂಗಡಿಗೆ ಹೋಗಿ ಒಂದನ್ನು ಎತ್ತಿಕೊಂಡು ಬರಬಹುದು. ಮೊದಲನೆಯದು ಅಮೆರಿಕದ ರೂಗರ್ ಕಂಪನಿಯವರು 2015ರಲ್ಲಿ ಹೊರತಂದ ‘ಪ್ರಿಸಿಷನ್ ರೈಫಲ್’. ಮರದ ಸೋಂಕೇ ಇಲ್ಲ, ಎಲ್ಲ ಲೋಹದ ಚೌಕಟ್ಟು. ಹೆಗಲಿಗಾನಿಸುವ ಹಿಂಭಾಗವನ್ನು ಮಡಿಸಬಹುದು, ಉದ್ದ ಎತ್ತರಗಳನ್ನು ಮೈಗೆ ತಕ್ಕಂತೆ ಹೊಂದಿಸಬಹುದು. ಎರಡನೆಯದು ಫಿನ್ಲೆಂಡಿನ ‘ಟಿಕ್ಕಾ’. ಅದರ ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿದಷ್ಟು ನಯವಾಗಿ ಹಿಂದುಮುಂದಾಗುತ್ತದೆಂದು ಬಳಸಿದವರೆಲ್ಲ ಹೊಗಳುತ್ತಾರೆ. ಮೂರರಲ್ಲಿ ಬೆಲೆಯೂ ಅದಕ್ಕೇ ಹೆಚ್ಚು. ಮೂರನೆಯದು ಸ್ಪೇನಿನ ‘ಬೆರ್ಗಾರಾ’. ಬೇಟೆಗೂ ಪಂದ್ಯಕ್ಕೂ ಆಗಲೆಂದು ಮಾಡಿದ್ದು, ನೋಡಲು ಹಳೆಯ ಬಂದೂಕಿನಂತೆಯೇ ಸಾಧು, ಬೆಲೆಯೂ ಮೂರರಲ್ಲಿ ಕಡಮೆ. ರೆಮಿಂಗ್ಟನ್ 700 ಎಂಬ ಹಳೆಯ ಮಾದರಿಯ ಅಳತೆಗಳನ್ನೇ ಅನುಸರಿಸಿರುವುದರಿಂದ ಅದರ ಬಿಡಿಭಾಗಗಳು ಸುಲಭವಾಗಿ ಸಿಕ್ಕುತ್ತವೆ.

ಇಂಥ ರೈಫಲು ಎಷ್ಟು ನಿಖರವೆಂಬುದನ್ನು ಅಳೆಯುವ ಮಾನಕ್ಕೆ ‘ಮಿನಿಟು’ ಎಂದು ಹೆಸರು. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು. ನೂರು ಗಜದಲ್ಲಿ ಅದು ಹೆಚ್ಚುಕಡಮೆ ಒಂದು ಅಂಗುಲ. ಸಾವಿರ ಗಜದಲ್ಲಿ ಹತ್ತೂವರೆ ಅಂಗುಲ, ಎಂದರೆ ನಮ್ಮ ಊಟದ ತಟ್ಟೆಯಷ್ಟು. ಒಳ್ಳೆಯ ಕಾಡತೂಸು ಹಾಕಿದರೆ ಮೂರು ರೈಫಲುಗಳೂ ಆ ತಟ್ಟೆಯೊಳಗೇ ಹೊಡೆಯಬಲ್ಲವು. ಹಾಗಾದರೆ ಆರಿಸುವುದು ಹೇಗೆ? ನನ್ನ ಓದು ಇಲ್ಲಿಗೆ ಬಂದು ನಿಂತಿತು.

ಮುಂದಕ್ಕೆ ದಾರಿ ತೋರಿಸಿದವರು ನಮ್ಮ ಭಾವ. ಅವರು ಕಣದಲ್ಲಿ ಜೋಳ ರಾಶಿ ಮಾಡಿಸುತ್ತಿದ್ದರು. ಈಗ ಒಕ್ಕಣೆಗೆ ಯಂತ್ರ ಬಂದಿದೆ. ಆದರೂ ಒಂದು ಹಿಡಿ ಹೊಟ್ಟು ಎತ್ತಿ ಗಾಳಿಗೆ ಬಿಟ್ಟು ನೋಡುವ ಚಾಳಿಯನ್ನು ಅವರು ಬಿಟ್ಟಿಲ್ಲ. ನಾನು ಮೂರು ಚಿತ್ರಗಳನ್ನೂ ತೋರಿಸಿದೆ. ಅವರು ಕುರುವತ್ತಿ ಜಾತ್ರೆಯಲ್ಲಿ ಎತ್ತು ನೋಡುವವರಂತೆ ಒಂದೊಂದನ್ನೂ ನೋಡಿ, “ಮೇಷ್ಟ್ರೇ, ಎತ್ತಿಂದು ಹಲ್ಲು ಸುಳಿ ಆಮೇಲೆ ನೋಡೋದು. ಮೊದಲು ಬಣವೆ ನೋಡ್ಬೇಕು. ಇದಕ್ಕೆ ಮೇವು ಎಷ್ಟು ಬೇಕು?” ಎಂದರು. ಮತ್ತೆ ಒಂದು ಹಿಡಿ ಹೊಟ್ಟು ತೂರಿ, “ಗಾಳಿಗೆ ಇದು ಏನ್ ಮಾಡ್ತೈತಿ?” ಎಂದು ಕೇಳಿದರು.

ಅಷ್ಟು ಓದಿದ್ದ ನನಗೆ ಈ ಎರಡು ಪ್ರಶ್ನೆಗಳು ಹೊಳೆದಿರಲಿಲ್ಲ. ಅಳಿಯನ ರೈಫಲಿನ ಮೇವು 6.5 ಕ್ರೀಡ್‌ಮೂರ್ ಎಂಬ ಕಾಡತೂಸು, 2007ರಲ್ಲಿ ಬಂದದ್ದು. ಗುಂಡು ಸಾವಿರ ಗಜ ಮುಟ್ಟಲು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು ಇಪ್ಪತ್ತೈದು ಅಡಿ ಕೆಳಕ್ಕೆ ಬಾಗುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಬೀಸಿತೋ, ಸುಮಾರು ಆರಡಿ ಪಕ್ಕಕ್ಕೆ ಸರಿಯುತ್ತದೆ. ಬಾಗುವುದಕ್ಕೆ ಲೆಕ್ಕವುಂಟು, ಗಾಳಿಯ ಲೆಕ್ಕ ಕ್ಷಣಕ್ಕೊಂದು. ರೈಫಲುಗಳ ನಡುವಣ ಅಂತರ ಅರ್ಧ ಅಂಗುಲದ್ದು, ಗಾಳಿಯ ಅಂತರ ಆರು ಅಡಿಯದು. ಗಾಳಿಯನ್ನು ಓದುವುದನ್ನು ಗುಂಡು ಹೊಡೆದು ಹೊಡೆದೇ ಕಲಿಯಬೇಕು. ಎರಡು ಮೂರು ಸಾವಿರ ಗುಂಡಿಗೆ ನಳಿಗೆಯೇ ಸವೆದು ಹೋಗುತ್ತದೆಂದು ಬಲ್ಲವರು ಹೇಳುತ್ತಾರೆ. ಅಷ್ಟು ಕಾಡತೂಸಿನ ಬೆಲೆ ರೈಫಲಿನ ಬೆಲೆಯನ್ನೂ ಮೀರುತ್ತದೆ. ಭಾವನ ಬಣವೆಯ ಮಾತು ಸುಳ್ಳಲ್ಲ.

ಕ್ರೀಡ್‌ಮೂರ್ ಎಂಬ ಹೆಸರಿನ ಹಿಂದೆ ಒಂದು ಕಥೆಯಿದೆ. ಅದು ನ್ಯೂಯಾರ್ಕಿನ ಬಳಿ ಕ್ರೀಡ್ ಎಂಬ ಮನೆತನದವರ ಜಮೀನಾಗಿದ್ದ ಬಯಲು. 1873ರಲ್ಲಿ ಗುಂಡುಹಾರಿಕೆಯ ಮೈದಾನವಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿ ಐರಿಷ್ ತಂಡಕ್ಕೂ ಅಮೆರಿಕದ ತಂಡಕ್ಕೂ 800, 900, 1000 ಗಜಗಳ ಪಂದ್ಯ ನಡೆಯಿತು. ಐರಿಷರದು ರಿಗ್ಬಿಯವರು ಮಾಡಿದ, ಬಾಯಿಯಿಂದ ಮದ್ದು ತುಂಬುವ ಪ್ರಸಿದ್ಧ ರೈಫಲು. ಅಮೆರಿಕದವರದು ರೆಮಿಂಗ್ಟನ್ ಮತ್ತು ಷಾರ್ಪ್ಸ್ ಕಾರ್ಖಾನೆಗಳ ಹೊಸ ರೈಫಲು. ಅಮೆರಿಕ 934, ಐರ್ಲೆಂಡ್ 931. ಕಾರ್ಖಾನೆಯ ರೈಫಲು ಗೆದ್ದಿತೆಂದು ಜಯಕಾರವಾಯಿತು. ಆದರೆ ಐರಿಷ್ ತಂಡದ ಮಿಲ್ನರ್ ಎಂಬಾತ ಒಂದು ಗುಂಡನ್ನು ಹಲಗೆಯ ನಟ್ಟನಡುವೆ ಹೊಡೆದಿದ್ದ, ಪಕ್ಕದವರ ಹಲಗೆಯ ನಟ್ಟನಡುವೆ! ಅದಕ್ಕೆ ಸಿಕ್ಕಿದ್ದು ಸೊನ್ನೆ. ತನ್ನ ಹಲಗೆಗೇ ಹೊಡೆದಿದ್ದರೆ ನಾಲ್ಕು ಅಂಕ ಬಂದು ಐರ್ಲೆಂಡ್ ಒಂದಂಕದಿಂದ ಗೆಲ್ಲುತ್ತಿತ್ತು. ರೈಫಲು ತನ್ನ ಕೆಲಸವನ್ನು ಚೊಕ್ಕಟವಾಗಿಯೇ ಮಾಡಿತ್ತು. ಮಿಲ್ನರನ ಗಮನ ಬೇರೆ ಕಡೆ ಹೋಗಿತ್ತು.

ಈ ಕಥೆಯನ್ನು ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ರಸವತ್ತಾಗಿ ಹೇಳಿದೆ. ಭಾವ ನಕ್ಕರು. ಅಕ್ಕ ನಗಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಿ, “ಆ ಮನೆಯಾಗೆ ಮೂರು ವರ್ಷದ ಕೂಸು ಐತಲ್ಲೋ. ಬಂದೂಕು ಎಲ್ಲಿಡ್ತಾನ?” ಎಂದು ಕೇಳಿದಳು. ನಾನು ಸುಮ್ಮನಾದೆ. “ನೀನಾದ್ರೂ ಬಲ್ಲವ. ಖಾಲಿ ಬಂದೂಕು ಏನೂ ಮಾಡಲ್ಲ ಅಂತಾನ ಅವ. ಹೌದೇನು?”

ಹೌದೆನ್ನಲು ನಾಲಗೆ ಏಳಲಿಲ್ಲ. ಅದೇ ಶಿಬಿರದಲ್ಲಿ, ಪದಕದ ಹಿಂದಿನ ದಿನ, ಐದು ಗುಂಡೂ ಮುಗಿದವೆಂದು ನಾನು ಎಣಿಕೆ ತಪ್ಪಿದ್ದೆ. ಏಳುವ ಅವಸರದಲ್ಲಿ ನಳಿಗೆ ಪಕ್ಕಕ್ಕೆ ತಿರುಗಿತು; ಬೆರಳು ಕುದುರೆಯ ಮೇಲೆಯೇ ಇತ್ತು. ಐದನೆಯ ಗುಂಡು ಪಕ್ಕದಲ್ಲಿ ಮಲಗಿದ್ದ ಹುಡುಗನ ಮೊಣಕೈಯಿಂದ ಒಂದು ಗೇಣು ಆಚೆ ನೆಲಕ್ಕೆ ಹೊಕ್ಕಿತು. ಅವನಿಗೆ ಮಣ್ಣು ಸಿಡಿದದ್ದಷ್ಟೇ ಗೊತ್ತು. ಕಂಡವರು ಹವಾಲ್ದಾರರೊಬ್ಬರೇ. ಅವರು ಬಯ್ಯಲಿಲ್ಲ. ಸಂಜೆ ಖಾಲಿ ರೈಫಲು ಕೊಟ್ಟು, ‘ಜಾಂಚ್ ಶಸ್ತ್ರ’ ಎಂದು ನೂರು ಸಲ ಬೋಲ್ಟು ತೆಗೆಸಿ ಒಳಗೆ ನೋಡಿಸಿದರು. ನೂರನೆಯ ಸಲವೂ ಅದು ಖಾಲಿಯಿದೆಯೆಂದು ನನಗೆ ನಂಬಿಕೆ ಬರಲಿಲ್ಲ. ಪದಕದ ಕಥೆಯನ್ನು ಬೆಳೆಯಗೊಟ್ಟ ನಾನು ಈ ಕಥೆಯನ್ನು ಯಾರಿಗೂ ಹೇಳಿರಲಿಲ್ಲ.

ಅಕ್ಕನಿಗೆ ಅಂದು ಹೇಳಿದೆ. ರಾತ್ರಿ ಅಳಿಯನಿಗೂ ಬರೆದೆ. ಮೊದಲು ಈ ಐದನೆಯ ಗುಂಡು, ನಿಂಬೆಹಣ್ಣಿನ ನಿಜವಾದ ಅಳತೆ, ಇಪ್ಪತ್ತೈದು ಗಜ. ಆಮೇಲೆ ಸಲಹೆ: ರೈಫಲಿಗೆ ಮುಂಚೆ ಗೋಡೆಗೆ ಬಿಗಿಯುವ ಕಬ್ಬಿಣದ ಪೆಟ್ಟಿಗೆ ಕೊಳ್ಳು, ಕಾಡತೂಸಿಗೆ ಬೇರೆಯೇ ಬೀಗವಿರಲಿ. ರೈಫಲಿನಲ್ಲಿ ಬೆರ್ಗಾರಾ ಸಾಕು, ಉಳಿದ ಹಣದಲ್ಲಿ ಒಳ್ಳೆಯ ದುರ್ಬೀನು, ಕಾಡತೂಸು ತಂದುಕೋ. ಗಾಳಿಯನ್ನು ಅಪ್ಪನ ಹತ್ತಿರ ಕೇಳು.

ಮೂರು ವಾರದ ಮೇಲೆ ಉತ್ತರ ಬಂತು. ಗೋಡೆಗೆ ಬಿಗಿದ ಪೆಟ್ಟಿಗೆಯ ಚಿತ್ರ ಮೊದಲು, ರೈಫಲಿನದು ಆಮೇಲೆ. ಕೊಂಡದ್ದು ಟಿಕ್ಕಾ. ನನ್ನನ್ನು ಕೇಳುವ ಮುಂಚೆಯೇ ಅದನ್ನು ಗೊತ್ತುಮಾಡಿಕೊಂಡಿದ್ದನೆಂದು ಈಗ ಒಪ್ಪಿಕೊಂಡಿದ್ದಾನೆ. ನಿಂಬೆಹಣ್ಣಿನ ವಿಷಯವಾಗಿ ಒಂದು ಮಾತೂ ಇಲ್ಲ.

ಚಿತ್ರವನ್ನು ಅಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ರೈಫಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಆಮೇಲೆ ಕೇಳಿದಳು:

“ಬೀಗದ ಕೈ ಎಲ್ಲಿಡ್ತಾನಂತೆ?”

ಅದನ್ನು ಕೇಳಲು ನಾನು ಮರೆತೇ ಬಿಟ್ಟಿದ್ದೆ.