ಕ್ಯಾತ್ಸಂದ್ರದ ತಟ್ಟೆ ಇಡ್ಲಿ

ಬೆಂಗಳೂರಿನಿಂದ ತುಮಕೂರಿಗೆ ಹೋಗತಕ್ಕ ಹಳೆಯ ಹೆದ್ದಾರಿಗೆ ಬಿ. ಎಚ್. ರಸ್ತೆಯೆಂದು ಹೆಸರು. ಬೆಂಗಳೂರು–ಹೊನ್ನಾವರ ರಸ್ತೆಯೆಂಬುದೇ ಬಾಯಿಂದ ಬಾಯಿಗೆ ಸವೆದು ಹೀಗೆ ಎರಡಕ್ಷರವಾಗಿ ಉಳಿದಿದೆ. ಈ ದಾರಿಯನ್ನು ಬಿಡದೆ ಹಿಡಿದು ನಡೆದವರು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳನ್ನು ದಾಟಿ, ಘಟ್ಟವನ್ನಿಳಿದು, ಶರಾವತಿಯು ಕಡಲನ್ನು ಸೇರುವ ಹೊನ್ನಾವರವನ್ನು ಮುಟ್ಟುವರು. ಕಡಲತೀರದ ಹಳ್ಳಿಯೊಂದರಲ್ಲಿ, ಅಲೆಗಳ ಸದ್ದನ್ನು ಕೇಳುತ್ತ, ಸೊಗಸಾದ ಭೋಜನಗೃಹದಲ್ಲಿ ಕುಳಿತು ಉಣ್ಣಬೇಕೆಂಬ ಆಸೆ ಯಾರಿಗೆ ತಾನೇ ಇಲ್ಲ? ಆದರೆ ಸಂಸಾರಸ್ಥರಾದ ನಮಗೆ ಅಷ್ಟು ದೂರದ ಪಯಣ ವರ್ಷಕ್ಕೊಮ್ಮೆ ಕೂಡಿಬಂದರೆ ಹೆಚ್ಚು. ಅಂಥವರಿಗಾಗಿ ಇದೇ ರಸ್ತೆಯ ಮೊದಲಲ್ಲಿಯೇ, ಬೆಂಗಳೂರಿನಿಂದ ಸುಮಾರು ೬೫ ಕಿಲೋಮೀಟರಿನಲ್ಲಿ, ತುಮಕೂರಿಗೆ ಇನ್ನೇನು ಐದಾರು ಕಿಲೋಮೀಟರಿದೆ ಎನ್ನುವಾಗ, ನಾಲಗೆಗೂ ಹೊಟ್ಟೆಗೂ ಒಟ್ಟಿಗೆ ಸಮಾಧಾನವನ್ನು ಕೊಡುವ ಊರೊಂದುಂಟು. ಅದೇ ಕ್ಯಾತ್ಸಂದ್ರ.

ಊರು ನೋಡಲು ಅಂಥ ವಿಶೇಷವಾದುದಲ್ಲ. ರಸ್ತೆಯ ಎರಡು ಮಗ್ಗುಲಿಗೂ ಅಂಗಡಿಗಳು, ಒಂದು ಸಣ್ಣ ರೈಲ್ವೆ ಸ್ಟೇಷನ್ನು, ದೂರದಲ್ಲಿ ಬಂಡೆಗಲ್ಲಿನ ಬೆಟ್ಟಗಳ ಸಾಲು. ಬೆಂಗಳೂರಿನಿಂದ ತುಮಕೂರಿನವರೆಗೆ ರೈಲುಬಂಡಿ ಬಂದದ್ದು ೧೮೮೪ರಲ್ಲಿ. ಶ್ರೀ ಸಿದ್ಧಗಂಗಾ ಮಠಕ್ಕೆ ಹೋಗುವವರು ಇಳಿಯುವುದೂ ಇಲ್ಲಿಯೇ. ಹೀಗೆ ರಸ್ತೆ, ರೈಲು, ಕ್ಷೇತ್ರ ಮೂರೂ ಕೂಡಿದ ಸ್ಥಳದಲ್ಲಿ ಹಸಿದ ದಾರಿಗರಿಗೆ ಕೊರತೆಯಿಲ್ಲ. ದಾರಿಗರಿರುವಲ್ಲಿ ಒಲೆ ಆರುವುದಿಲ್ಲ.

ನಮ್ಮ ಜನ ಹೊರಗೆ ಕುಳಿತು ಉಣ್ಣುವುದನ್ನು ಕಲಿತದ್ದು ಬಹುಮಟ್ಟಿಗೆ ಕರಾವಳಿಯವರಿಂದ. ಉಡುಪಿಯ ಕಡೆಯಿಂದ ಘಟ್ಟ ಹತ್ತಿ ಬಂದ ಅಡಿಗೆಯವರು ಮೈಸೂರು ಸೀಮೆಯ ಊರೂರಿನಲ್ಲಿ ಹೋಟಲುಗಳನ್ನು ತೆರೆದರು. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಚಿಕ್ಕ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಖ್ಯಾತವಾಯಿತು. ಅವರಲ್ಲಿ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿಯ ಭೋಜನಗೃಹಗಳ ಚೊಕ್ಕತನವನ್ನು ಕಂಡು ಬಂದು, ಗಿರಾಕಿಗಳು ಅಡಿಗೆಮನೆಯನ್ನು ನೋಡಿಕೊಂಡೇ ಊಟದ ಕೋಣೆಗೆ ಹೋಗುವಂತೆ ಏರ್ಪಾಡು ಮಾಡಿದರು. ಭೋಜನಗೃಹದ ಯೋಗ್ಯತೆಯನ್ನು ಮೇಜು ಕುರ್ಚಿಗಳಿಂದಲ್ಲ, ಒಲೆಯ ಮುಂದೆ ನಿಂತು ಅಳೆಯಬೇಕೆಂಬುದು ನಮ್ಮ ಅಭಿಪ್ರಾಯವೂ ಹೌದು. ಆ ಅಳತೆಗೋಲನ್ನು ಹಿಡಿದೇ ಕ್ಯಾತ್ಸಂದ್ರವನ್ನು ನೋಡೋಣ.

ಇಲ್ಲಿಯ ಹೋಟಲುಗಳು ದೊಡ್ಡವಲ್ಲ. ಮುಂಜಾನೆ ಹೋದರೆ ಕುಳಿತವರಷ್ಟೇ ನಿಂತವರೂ ಇರುತ್ತಾರೆ. ನಾವು ಹೊಕ್ಕ ಹೋಟಲಿನಲ್ಲಿ ಹಬೆಯ ಕೊಪ್ಪರಿಗೆ ಕಣ್ಣೆದುರಿಗೇ ಇತ್ತು. ಕಬ್ಬಿಣದ ಎತ್ತರವಾದ ಚೌಕಟ್ಟಿನಲ್ಲಿ ಒಂದರ ಮೇಲೊಂದಾಗಿ ತಟ್ಟೆಗಳನ್ನು ಏರಿಸಿ, ನಡುವೆ ಹಬೆಯಾಡಲು ಎಡೆ ಬಿಟ್ಟು, ಕೊಪ್ಪರಿಗೆಯೊಳಗೆ ಇಳಿಸಿ ಮುಚ್ಚುತ್ತಾರೆ. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಬಡಿಸುವವನ ಮುಖವೇ ಒಂದು ಕ್ಷಣ ಮರೆಯಾಗುತ್ತದೆ. ಅಂಗೈಯನ್ನು ಬೆರಳು ಸಹಿತ ಹರವಿದಷ್ಟು ಅಗಲದ, ಮಲ್ಲಿಗೆಯಷ್ಟು ಬೆಳ್ಳಗಿನ ಇಡ್ಲಿ ಎಲೆಯ ಮೇಲೆ ಬೀಳುತ್ತದೆ, ಅದರ ಮೇಲೆ ಒಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ಬೆಣ್ಣೆ ಕರಗಿ ಇಡ್ಲಿಯ ಕಣ್ಣುಗಳೊಳಗೆ ಇಳಿಯುವಷ್ಟು ಹೊತ್ತು ಕಾಯಬೇಕು. ಅದಕ್ಕಿಂತ ಹೆಚ್ಚು ಕಾಯಬಾರದು. ಗರಿಗರಿಯಾದ ಉದ್ದಿನ ವಡೆಯೊಂದನ್ನು ಜೊತೆಗೆ ಹಾಕಿಸಿಕೊಳ್ಳುವವರೇ ಬಹುಮಂದಿ. ನನಗೆ ಮಾತ್ರ ಅದು ಇಡ್ಲಿಗೆ ಮಾಡುವ ಅವಮಾನವೆಂದು ತೋರುತ್ತದೆ.

ಅಕ್ಕಿ ಮತ್ತು ಉದ್ದಿನ ಬೇಳೆಯ ಜೊತೆಗೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ನೆನೆಸಿ ರುಬ್ಬುವುದು ತಟ್ಟೆ ಇಡ್ಲಿಯ ಮೃದುತ್ವಕ್ಕೆ ಒಂದು ಕಾರಣ. ಆಕಾರವೂ ಇನ್ನೊಂದು ಕಾರಣವೇ. ಮನೆಯ ಗುಳಿಯಲ್ಲಿ ಬೆಂದ ಇಡ್ಲಿ ನಡುವೆ ದಪ್ಪ, ಅಂಚಿನಲ್ಲಿ ತೆಳು. ನಡು ಬೇಯುವ ಹೊತ್ತಿಗೆ ಅಂಚು ಬಿರುಸಾಗುತ್ತದೆ. ತಟ್ಟೆಯಲ್ಲಾದರೋ ಎಲ್ಲೆಡೆಯೂ ಒಂದೇ ದಪ್ಪ, ಹಬೆಗೆ ಒಡ್ಡಿದ ಮೈಯೂ ಅಗಲ. ರಾತ್ರಿಯೆಲ್ಲ ಹುದುಗುವಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿ ಅನಿಲವನ್ನು ಹುಟ್ಟಿಸುತ್ತವೆ. ಉದ್ದಿನ ಲೋಳೆ ಅದನ್ನು ಹೊರಹೋಗಗೊಡದೆ ಹಿಡಿದಿಡುತ್ತದೆ. ಹಿಟ್ಟು ಉಬ್ಬುವುದು ಇದರಿಂದ. ಇಡ್ಲಿ ಆರಿದಂತೆಲ್ಲ ಅಕ್ಕಿಯ ಪಿಷ್ಟ ಗಟ್ಟಿಯಾಗುತ್ತ ಬರುತ್ತದೆ. ಆದುದರಿಂದಲೇ ಪೊಟ್ಟಣ ಕಟ್ಟಿಸಿಕೊಂಡು ಬೆಂಗಳೂರಿಗೆ ಒಯ್ದು ತಿಂದವರು, ಇದರಲ್ಲೇನು ಹೆಚ್ಚು ಎಂದು ಕೇಳುವುದು. ಅವರು ತಿಂದದ್ದು ಕ್ಯಾತ್ಸಂದ್ರದ ಇಡ್ಲಿಯನ್ನಲ್ಲ, ಅದರ ನೆನಪನ್ನು.

ಇಡ್ಲಿಯು ಕನ್ನಡಿಗರಿಗೆ ನಿನ್ನೆ ಮೊನ್ನೆಯ ಪದಾರ್ಥವಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಾಡುವ ಕ್ರಮವನ್ನೇ ಹೇಳಿದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಮೆಣಸು, ಇಂಗು ಮೊದಲಾದವನ್ನೂ ಬೆರೆಸಬೇಕು. ಅಕ್ಕಿಯ ಮಾತೇ ಇಲ್ಲ. ಅಕ್ಕಿ ಬಂದು ಸೇರಿದ್ದು ಆಮೇಲೆ. ಸಾವಿರ ವರ್ಷ ಬಾಳಿದ ತಿಂಡಿಗೆ ಅಷ್ಟು ಮಾರ್ಪಾಡು ಸಲ್ಲತಕ್ಕದ್ದೇ.

ಎಲ್ಲ ಮಾರ್ಪಾಡನ್ನೂ ಹಾಗೆ ಒಪ್ಪಿಕೊಳ್ಳಲಾಗದು. ಹಿಂದಿನಿಂದ ಇಡ್ಲಿಯ ತಟ್ಟೆಗೆ ಹಾಸುತ್ತಿದ್ದುದು ಒದ್ದೆಯ ಹತ್ತಿಬಟ್ಟೆ. ಇಲ್ಲವೇ ಎಣ್ಣೆ ಸವರುತ್ತಿದ್ದರು. ಬಟ್ಟೆಯನ್ನು ದಿನವೂ ಒಗೆದು ಒಣಗಿಸುವ ಶ್ರಮವನ್ನು ಉಳಿಸಲೆಂದು ಈಚೆಗೆ ಹಲವೆಡೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಹಾಸುವ ಪದ್ಧತಿ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆಯವರು ನಾಡಿನ ಸುಮಾರು ೨೫೦ ಕಡೆ ಪರೀಕ್ಷಿಸಿ ನೋಡಲಾಗಿ, ಐವತ್ತಕ್ಕೂ ಹೆಚ್ಚು ಕಡೆಗಳಲ್ಲಿ ಈ ಹಾಳೆ ಕಂಡುಬಂದಿತು. ಬಿಸಿ ತಗುಲಿದ ಪ್ಲಾಸ್ಟಿಕ್ಕಿನಿಂದ ಕೆಡುಕಾದ ದ್ರವ್ಯಗಳು ಆಹಾರಕ್ಕೆ ಇಳಿಯಬಲ್ಲವೆಂದು ಸರ್ಕಾರವು ಅದರ ಬಳಕೆಯನ್ನು ನಿಷೇಧಿಸಿತು. ಮಕ್ಕಳಿಗೆ, ಬಾಣಂತಿಯರಿಗೆ, ಜ್ವರ ಬಿಟ್ಟೆದ್ದವರಿಗೆ ಮೊದಲು ಕೊಡುವ ತಿಂಡಿಯೇ ಇಡ್ಲಿ. ಅದರಲ್ಲಿ ನಂಬಿಕೆ ಹೋದರೆ ಮತ್ತಾವುದನ್ನು ನಂಬುವುದು?

ನಮ್ಮೊಡನೆ ಬಂದಿದ್ದ ಸೋದರತ್ತೆಯವರು ಈ ಸುದ್ದಿಯನ್ನು ಕೇಳಿದ್ದರು. ಅವರಿಗೆ ಎಂಬತ್ತು ವರ್ಷ, ಸಂಕೋಚವೆಂಬುದು ಇಲ್ಲ. ಎಲೆಯ ಮುಂದೆ ಕೂರುವ ಮೊದಲೇ ಕೊಪ್ಪರಿಗೆಯ ಬಳಿಗೆ ಹೋಗಿ, “ಏನಪ್ಪಾ, ತಟ್ಟೆಗೆ ಏನು ಹಾಸ್ತೀರಿ?” ಎಂದರು.

“ಬಟ್ಟೆ ಅಜ್ಜಿ.”

“ಎಲ್ಲಿ, ತೋರ್ಸು ನೋಡೋಣ.”

ಹುಡುಗ ನಗುತ್ತ, ಆಗತಾನೆ ಕಳಚಿದ ಬಟ್ಟೆಯನ್ನು ಎತ್ತಿ ಹಿಡಿದನು. ಅತ್ತೆಯವರು ಅದನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, “ದಿನಾ ಕುದಿಸ್ತೀರೇನಪ್ಪಾ?” ಎಂದರು. “ಕುದಿಸಿ ಬಿಸಿಲಿಗೆ ಹಾಕ್ತೀವಿ ಅಜ್ಜಿ. ಹುಳಿ ವಾಸನೆ ಬಂದ್ರೆ ನಮ್ಮ ಯಜಮಾನ್ರು ನಮ್ಮನ್ನ ಸುಮ್ನೆ ಬಿಡ್ತಾರಾ?” ಎಂದು ಆತ ಹೇಳಿದ ಮೇಲೆಯೇ ಅವರು ಕುಳಿತದ್ದು. ಒಂದೇ ಸಾಕೆಂದು ಬಂದವರು ಎರಡನ್ನು ತಿಂದರು. ಗಲ್ಲಾದ ಮೇಲಿದ್ದವರಿಗೆ ಈ ವಿಚಾರಣೆಯಿಂದ ಬೇಸರವಾಗಲಿಲ್ಲ. ಹೊರಡುವಾಗ ಎದ್ದುನಿಂತು ಕೈ ಮುಗಿದರು. ನಮ್ಮ ಗೃಹಿಣಿಯರು ಹೋದಲ್ಲೆಲ್ಲ ಹೀಗೆ ಕೇಳತೊಡಗಿದರೆ ಯಾವ ಹೋಟಲಿನಲ್ಲಿಯೂ ಆ ಹಾಳೆ ಒಂದು ವಾರ ನಿಲ್ಲಲಾರದು.

ಇಡ್ಲಿಯನ್ನು ತಿಂದ ಮೇಲೆ ಸಿದ್ಧಗಂಗೆಗೆ ಹೋಗದೆ ಹಿಂದಿರುಗುವುದು ಸಲ್ಲದು. ಊರಿನಿಂದ ಕೆಲವೇ ಕಿಲೋಮೀಟರು. ೨೦೧೯ರ ಜನವರಿಯಲ್ಲಿ, ತಮ್ಮ ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಬೆಳೆಸಿದ ದಾಸೋಹ ಇಲ್ಲಿಯದು. ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಂದಿ ಬಡ ವಿದ್ಯಾರ್ಥಿಗಳು ಇಲ್ಲಿಯೇ ಉಂಡು, ಇಲ್ಲಿಯೇ ಇದ್ದು ಓದುತ್ತಾರೆ. ಬಂದ ಯಾತ್ರಿಕರಿಗೂ ಊಟ ತಪ್ಪುವುದಿಲ್ಲ. ಕಾಸು ಕೊಟ್ಟು ಉಣ್ಣುವ ಊರಿನ ಮಗ್ಗುಲಲ್ಲಿಯೇ ಕಾಸಿಲ್ಲದೆ ಉಣ್ಣುವ ಪಂಕ್ತಿಯೂ ಇದೆ. ಆ ದಿನ ಹೊಟ್ಟೆಯಲ್ಲಿ ಎಡೆಯಿಲ್ಲದೆ ಪ್ರಸಾದವನ್ನು ತುಸುವೇ ತೆಗೆದುಕೊಂಡೆವು.

ಹೋಗಬೇಕೆಂದಿರುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಮೇಲು. ಈಗಿನ ಅಗಲವಾದ ಹೆದ್ದಾರಿಯಲ್ಲಿ ಬರುವ ಮೋಟಾರುಗಳು ಸುಂಕದ ಕಟ್ಟೆಯಲ್ಲಿ ನಿಂತಷ್ಟು ಹೊತ್ತೂ ಊರಿನಲ್ಲಿ ನಿಲ್ಲದೆ ಹಾದುಹೋಗುತ್ತವೆ. ಚಾಲಕನಿಗೆ ಮೊದಲೇ ಹೇಳಿ ಹಳೆಯ ರಸ್ತೆಗೆ ತಿರುಗಿಸಬೇಕು. ರೈಲಿನಲ್ಲಿ ಬರುವವರು ಇಲ್ಲಿ ನಿಲ್ಲುವ ಬಂಡಿಯನ್ನು ವಿಚಾರಿಸಿಕೊಂಡು ಏರಬೇಕು. ಮಠದ ದರ್ಶನದ ನಂತರ ಹೊತ್ತು ಉಳಿದರೆ ದೇವರಾಯನದುರ್ಗವನ್ನೂ, ಅದರ ತಪ್ಪಲಿನ ನಾಮದ ಚಿಲುಮೆಯನ್ನೂ ನೋಡಿಕೊಂಡು ಸಂಜೆಯೊಳಗೆ ಬೆಂಗಳೂರನ್ನು ಸೇರಬಹುದು.