ಅಜ್ಜನ ‘ಹಂಗ’

ಮಾತು ಹೊರಡದವನಿಗೆ ಕಿವಿಯೂ ಕೇಳುವುದಿಲ್ಲವೆಂದು ಜನ ಯಾಕೆ ತಿಳಿಯುತ್ತಾರೋ! ಪಾರ್ಶ್ವವಾಯು ಹೊಡೆದು ಅಜ್ಜನ ಮಾತು ಹೋದಮೇಲೆ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದವರೆಲ್ಲ ಅವನೆದುರು ನಿಂತು ಕೂಗಿ ಮಾತಾಡುತ್ತಿದ್ದರು. ಆಮೇಲೆ ಅವನ ಮುಂದೆಯೇ, ‘ಬುದ್ಧಿ ನೆಟ್ಟಗ ಐತೇನು?’ ಎಂದು ಅಪ್ಪನನ್ನು ಕೇಳುತ್ತಿದ್ದರು. ಅಜ್ಜ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಅವನಿಗೆ ಉಳಿದದ್ದು ಒಂದೇ ಪದ, ‘ಹಂಗ’. ನೀರಿಗೂ ಹಂಗ, ನೋವಿಗೂ ಹಂಗ. ಇದಕ್ಕೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿಯೊಬ್ಬ ಏನು ಕೇಳಿದರೂ ‘ಟಾನ್’ ಎನ್ನುತ್ತಿದ್ದನಂತೆ. ಹೇಳಿದ್ದು ಬಹುಪಾಲು ಅರ್ಥವಾಗುತ್ತಿತ್ತು. ಅವನು ಸತ್ತಮೇಲೆ ನೋಡಿದರೆ ಮಿದುಳಿನ ಎಡ ಮುಂಭಾಗ ಹಾಳಾಗಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಅವನ ಬಾಯಿಂದ ಸ್ಪಷ್ಟವಾಗಿ ಒಂದು ಬೈಗುಳ ಬರುತ್ತಿತ್ತು. ಅಜ್ಜನದೂ ಅದೇ ಕಥೆ. ಅವನ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಅಜ್ಜ ಬದುಕಿಡೀ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವನು. ಪಾಕದ ಹದ ಹೇಗೆ ಗೊತ್ತಾಗುತ್ತದೆಂದು ಕೇಳಿದರೆ, ಮಾತು ಇದ್ದ ಕಾಲದಲ್ಲೂ ‘ಗೊತ್ತಾಕ್ಕತಿ’ ಅನ್ನುತ್ತಿದ್ದ, ಅಷ್ಟೇ. ಆ ಚಳಿಗಾಲ ಅಪ್ಪ ಅವನನ್ನು ಕೈಹಿಡಿದು ಬಸವಣ್ಣ ಕಾಲುವೆ ನೀರಿನ ಗದ್ದೆಗಳ ಕಡೆ ಕರೆದೊಯ್ದ. ಆಲೆಮನೆಯ ಹುಡುಗರು ಕೊಪ್ಪರಿಗೆ ಇಳಿಸಲು ಬಡಿಗೆ ತೂರಿಸಿದ್ದರು. ಅಜ್ಜ ಚೂರು ಪಾಕವನ್ನು ತಣ್ಣೀರಿಗೆ ಬಿಡಿಸಿದ. ಬಲಗೈ ಏಳುತ್ತಿರಲಿಲ್ಲ, ಎಡಗೈ ಬೆರಳಲ್ಲಿ ಉಂಡೆ ಕಟ್ಟಿ ನೋಡಿದ. ಉಂಡೆ ನಿಲ್ಲಲಿಲ್ಲ. ‘ಹಂಗ, ಹಂಗ’ ಎಂದು ತಲೆಯಾಡಿಸಿದ. ಹುಡುಗರು ಬಡಿಗೆ ಹೊರಗೆಳೆದರು.

ಇನ್ನೊಂದು ವಿಚಿತ್ರವೆಂದರೆ ಸೋಮವಾರದ ಭಜನೆ. ನೀರು ಕೇಳಲಾರದವನು ಅಲ್ಲಿ ಸಾಲುಸಾಲೇ ಹಾಡುತ್ತಿದ್ದ, ಒಂದಕ್ಷರ ತಪ್ಪದೆ. ಬಾಯಿಪಾಠದ ಮಾತಿಗೂ ಆಗಿಂದಾಗ್ಗೆ ಕಟ್ಟುವ ಮಾತಿಗೂ ಮಿದುಳಿನಲ್ಲಿ ದಾರಿ ಬೇರೆ ಇರಬೇಕು. ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯನ್ನು ಅಮೆರಿಕದಲ್ಲಿ 1970ರ ದಶಕದಲ್ಲೇ ರೂಪಿಸಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಾತು ಹೋದವರಿಗೆ ಚಿಕಿತ್ಸೆ ಇದೆ. ಹೊಸಪೇಟೆಯಿಂದ ರಾತ್ರಿಯಿಡೀ ಪ್ರಯಾಣ, ಅಜ್ಜನಿಗೆ ಆಗುತ್ತಿರಲಿಲ್ಲ. ನಾವೇ ಹೌದು-ಅಲ್ಲ ಎನ್ನಬಹುದಾದ ಪ್ರಶ್ನೆ ಕೇಳುವುದನ್ನು ಕಲಿತೆವು.

ಕೇಳುವುದು ಸುಲಭ, ಉತ್ತರಕ್ಕೆ ಕಾಯುವುದು ಕಷ್ಟ. ಅಪ್ಪ ಅರ್ಧಕ್ಕೇ ಊಹಿಸಿ ‘ಚಾ ಬೇಕಂತ’ ಅಂದುಬಿಡುತ್ತಿದ್ದ. ಅಜ್ಜಿ ಮಾತ್ರ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ಅವನು ‘ಹಂಗ’ ಎಂದು, ತಡವರಿಸಿ, ಮತ್ತೊಮ್ಮೆ ‘ಹಂಗ’ ಎಂದು, ಕೊನೆಗೆ ಕಿಟಕಿಯತ್ತ ಕೈ ತೋರಿಸುವವರೆಗೂ.